‘ಒಂದು ದೇಶ, ಒಂದು ವಿದ್ಯಾರ್ಥಿ ಐಡಿ’ ಸರಿ. ಎರಡು ದೇಶದ ಹುಡುಗನ ಗತಿ ಏನು?

ಆ ಮಾರ್ಕ್ಸ್ ಕಾರ್ಡಿನ ಪ್ರಕಾರ ಹುಡುಗ ಹುಟ್ಟಿದ್ದು 2070ರಲ್ಲಿ, ಐದನೇ ಕ್ಲಾಸ್ ಪಾಸಾಗಿದ್ದು 2080ರಲ್ಲಿ. ಬೆಂಗಳೂರಿನ ಸರ್ಕಾರಿ ಶಾಲೆಯೊಂದರ ಹೆಡ್‌ಮಾಸ್ಟರ್ ಅದನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದರು. ‘ಮೇಡಂ, ಇವನು ಇನ್ನೂ ಹುಟ್ಟೇ ಇಲ್ವಲ್ಲ’ ಅಂದರು. ನಾವಿಬ್ಬರೂ ನಕ್ಕೆವು. ಹುಡುಗ ನಗಲಿಲ್ಲ. ಅವನಿಗೆ ಕನ್ನಡ ಬರ್ತಿರಲಿಲ್ಲ. ಇವರು ಯಾಕೆ ನಗ್ತಿದ್ದಾರೆ ಅಂತ ಅಪ್ಪನ ಮುಖ ನೋಡಿದ.

ಇದು 2024ರ ಜುಲೈ ತಿಂಗಳ ಮಾತು. ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡ್ ನೇಪಾಳದ ಅಛಾಮ್ ಜಿಲ್ಲೆಯವರು. ಹೆಂಡತಿ, ಮಗನನ್ನು ಊರಿಂದ ಕರೆಸಿಕೊಂಡು ತಿಂಗಳಾಗಿತ್ತು. ‘ಸ್ಕೂಲಿಗೆ ಒಂದ್ಸಲ ಜೊತೇಲಿ ಬರ್ತೀರಾ ಮೇಡಂ, ನನ್ನ ಹಿಂದಿ ಅವರಿಗೆ ಆಗಲ್ಲ, ಅವರ ಕನ್ನಡ ನನಗೆ ಆಗಲ್ಲ’ ಅಂತ ಕೇಳಿದ್ದಕ್ಕೆ ಹೋಗಿದ್ದೆ. ನೇಪಾಳದ ಸರ್ಕಾರಿ ಕಾಗದಗಳಲ್ಲಿ ಇರೋದು ವಿಕ್ರಮ ಸಂವತ್ ಲೆಕ್ಕ. ಅದು ನಮ್ಮ ಕ್ಯಾಲೆಂಡರಿಗಿಂತ ಸುಮಾರು 57 ವರ್ಷ ಮುಂದೆ. 2070 ಅಂದ್ರೆ ನಮ್ಮ 2013. ಇಷ್ಟು ಅರ್ಥವಾದ ಮೇಲೆ ಹೆಡ್‌ಮಾಸ್ಟರಿಗೆ ಸಮಸ್ಯೆ ಇರಲಿಲ್ಲ. ಸಮಸ್ಯೆ ಇದ್ದದ್ದು ಅವರ ಮುಂದಿದ್ದ ಕಂಪ್ಯೂಟರಿಗೆ. ಹಿಂದಿನ ಶಾಲೆ ಯಾವ ರಾಜ್ಯ, ಯಾವ ಜಿಲ್ಲೆ ಅಂತ ಅದು ಕೇಳುತ್ತಿತ್ತು. ಬೀದರ್ ಇತ್ತು, ಬಿಹಾರ ಇತ್ತು. ಅಛಾಮ್ ಇರಲಿಲ್ಲ. ಹಿಂದಿನ ಶಾಲೆಯ ವಿದ್ಯಾರ್ಥಿ ಸಂಖ್ಯೆ ಕೇಳಿತು, ಆಧಾರ್ ಕೇಳಿತು. ಹೆಡ್‌ಮಾಸ್ಟರ್ ಒಳ್ಳೆಯ ಮನುಷ್ಯ. ‘ನಾನು ಸೇರಿಸ್ಕೊಳ್ತೀನಿ ಮೇಡಂ, ಸಿಸ್ಟಮ್ ತಗೊಳ್ತಿಲ್ಲ’ ಅಂದರು.

ಹುಡುಗ ನಾಳೆಯಿಂದಲೇ ಬರಲಿ ಅಂತ ಆಯಿತು. ಕ್ಲಾಸಲ್ಲಿ ಕೂತ, ಬಿಸಿಯೂಟ ಉಂಡ, ಪರೀಕ್ಷೆ ಬರೆದ. ಹಾಜರಾತಿ ಪುಸ್ತಕದ ಕೊನೆಯಲ್ಲಿ ಪೆನ್ಸಿಲ್‌ನಲ್ಲಿ ಅವನ ಹೆಸರಿತ್ತು. ಪರದೆಯ ಮೇಲೆ ಮಾತ್ರ ಅವನು ಇರಲಿಲ್ಲ.

‘ಶಿಕ್ಷಣದಲ್ಲಿ ತಂತ್ರಜ್ಞಾನ’ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ಟ್ಯಾಬ್ಲೆಟ್, ವಿಡಿಯೊ ಪಾಠ, ಈಗೀಗ ಎಐ ಮೇಷ್ಟ್ರು. ಆದರೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ಬರುವ ಮಗುವಿಗೆ ಅದಕ್ಕೂ ಮೊದಲು ಬೇಕಿರೋದು ಬೇರೆ. ಕಲಿತದ್ದು ಕಲಿತದ್ದೇ ಅಂತ ಎರಡೂ ಕಡೆಯವರು ಒಪ್ಪುವ ಒಂದು ದಾಖಲೆ. ಅದು ಗಡಿ ದಾಟಬೇಕು, ದಾಟಿದ ಮೇಲೆ ಮಾನ್ಯವಾಗಬೇಕು. ಇದರಲ್ಲಿ ಗ್ಲಾಮರ್ ಇಲ್ಲ, ಆದ್ದರಿಂದಲೇ ಇರಬೇಕು, ಇದರ ಬಗ್ಗೆ ಸ್ಟಾರ್ಟ್‌ಅಪ್‌ನವರೂ ಮಾತಾಡಲ್ಲ, ಮಂತ್ರಿಗಳೂ ಮಾತಾಡಲ್ಲ.

ಆ್ಯಪ್‌ನಿಂದ ಏನಾಯ್ತು, ಏನಾಗಲಿಲ್ಲ

ಹಾಗಂತ ಆ್ಯಪ್‌ಗಳು ದಂಡ ಅಂತ ನಾನು ಹೇಳಲ್ಲ. ಭಾನುವಾರ ಅವನಿಗೆ ಕನ್ನಡ ಹೇಳಿಕೊಡೋಕೆ ಕೂತಾಗ ನನಗೆ ನಿಜವಾಗಿ ಕೈಹಿಡಿದದ್ದು ‘ಸ್ಟೋರಿವೀವರ್’. ಬೆಂಗಳೂರಿನದೇ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ತಾಣ ಅದು. ಕಥೆಗಳೆಲ್ಲ ಮುಕ್ತ ಪರವಾನಗಿಯಲ್ಲಿವೆ. ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದೆಯೂ ಓದಬಹುದು. ಅಲ್ಲಿ ಕನ್ನಡವೂ ಇದೆ, ನೇಪಾಳಿಯೂ ಇದೆ. ಒಂದೇ ಚಿತ್ರ, ಒಂದೇ ಕಥೆ, ಮೊದಲು ನೇಪಾಳಿಯಲ್ಲಿ ಅವನು ನನಗೆ ಓದಿ ಹೇಳುತ್ತಿದ್ದ, ಆಮೇಲೆ ಕನ್ನಡದಲ್ಲಿ ನಾನು ಅವನಿಗೆ. ಮೊದಲ ದಿನ ಅವನು ಮೇಷ್ಟ್ರಾಗಿದ್ದ, ನಾನು ತೊದಲುತ್ತಿದ್ದೆ. ಆ ಒಂದು ಗಂಟೆ ಅವನ ಬೆನ್ನು ನೆಟ್ಟಗಾಗಿತ್ತು. ಶಾಲೆಯಲ್ಲಿ ಅವನು ‘ಏನೂ ಬರದ ಹುಡುಗ’. ಇಲ್ಲಿ ಅವನಿಗೆ ಒಂದು ಭಾಷೆ ಪೂರ್ತಿ ಬರ್ತಿತ್ತು, ನನಗೆ ಬರ್ತಿರಲಿಲ್ಲ. ಭಾಷೆ ಬರದಿರೋದು ಬೇರೆ, ಬುದ್ಧಿ ಇಲ್ಲದಿರೋದು ಬೇರೆ. ಭಿನ್ನರಾಶಿ ಲೆಕ್ಕ ಅವನು ನನಗಿಂತ ಬೇಗ ಮಾಡುತ್ತಿದ್ದ.

ನೇಪಾಳದ ಕಡೆಯಿಂದಲೂ ಸಾಮಗ್ರಿ ಇದೆ. ಓಲೆ ನೇಪಾಳ್ ಸಂಸ್ಥೆಯ ‘ಇ-ಪುಸ್ತಕಾಲಯ’ ಉಚಿತ ಡಿಜಿಟಲ್ ಗ್ರಂಥಾಲಯ. ನಮ್ಮಲ್ಲಿ ಕೇಂದ್ರ ಸರ್ಕಾರದ ದೀಕ್ಷಾ 2017ರಿಂದ ಇದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೊ ಬರುತ್ತದೆ. ಗೂಗಲ್ ಅನುವಾದದಲ್ಲಿ ಕನ್ನಡ, ನೇಪಾಳಿ ಎರಡೂ ಇವೆ. ಇದೆಲ್ಲ ಇದ್ದೂ ಆ ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್‌ಫೋನ್. ಅದು ಅಪ್ಪನದು. ಗೇಟಿಗೆ ಬಂದ ಡೆಲಿವರಿ ಹುಡುಗರ ಎಂಟ್ರಿ ಮಾಡೋದು ಅದರಲ್ಲೇ, ಹಾಗಾಗಿ ರಾತ್ರಿ ಎಂಟಕ್ಕೆ ಫೋನು ಅಪ್ಪನ ಜೊತೆ ಡ್ಯೂಟಿಗೆ ಹೋಗುತ್ತಿತ್ತು, ಬೆಳಗ್ಗೆ ಎಂಟಕ್ಕೆ ಬಂದು ಚಾರ್ಜಿಗೆ ಮಲಗುತ್ತಿತ್ತು. ಆಗ ಹುಡುಗ ಶಾಲೆಗೆ ಹೊರಟಿರುತ್ತಿದ್ದ. ಯಾವ ಕಂಪನಿಯ ಪ್ರೆಸೆಂಟೇಶನ್‌ನಲ್ಲೂ ಈ ಟೈಮ್‌ಟೇಬಲ್ ನಾನು ನೋಡಿಲ್ಲ.

ಯುನಿಸೆಫ್ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ ‘ಲರ್ನಿಂಗ್ ಪಾಸ್‌ಪೋರ್ಟ್’ ಅನ್ನುವ ಕಲಿಕಾ ವೇದಿಕೆ ಇದೆ. ಮೂಲ ಆಲೋಚನೆ ನಿರಾಶ್ರಿತ, ಸ್ಥಳಾಂತರಗೊಂಡ ಮಕ್ಕಳದ್ದೇ. ನೆಟ್ ಇಲ್ಲದ ಕಡೆಯೂ ಬಳಸಬಹುದು. ಕೋವಿಡ್ ಹೊತ್ತಿಗೆ ಅದು ಹಲವು ದೇಶಗಳ ಶಾಲಾ ಮಕ್ಕಳಿಗೆ ಬಳಕೆಯಾಯಿತು. ಹೆಸರು ಚೆನ್ನಾಗಿದೆ. ಆದರೆ ಪಾಸ್‌ಪೋರ್ಟಿಗೆ ಬೆಲೆ ಬರೋದು ಆ ಕಡೆಯ ಗಡಿಯಲ್ಲಿ ಯಾರಾದರೂ ಅದರ ಮೇಲೆ ಮುದ್ರೆ ಒತ್ತಿದಾಗ, ಅಲ್ವಾ?

ಕಾನೂನು ಒಂದು ಹೇಳುತ್ತೆ, ಡ್ರಾಪ್‌ಡೌನ್ ಇನ್ನೊಂದು

ನಮ್ಮ ಕಾನೂನಿನಲ್ಲಿ ಏನಿದೆ ನೋಡಿ. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ‘ಎಲ್ಲ ಮಕ್ಕಳಿಗೆ’ ಉಚಿತ, ಕಡ್ಡಾಯ ಶಿಕ್ಷಣ ಅನ್ನುತ್ತದೆ, ‘ಎಲ್ಲ ನಾಗರಿಕರ ಮಕ್ಕಳಿಗೆ’ ಅನ್ನುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. 5ನೇ ಸೆಕ್ಷನ್ ಟಿಸಿ ತಡವಾಯಿತು ಅಂತ ದಾಖಲಾತಿ ತಡೆಯಬಾರದು ಅನ್ನುತ್ತದೆ. ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿಯಾಗಿದೆ: ಶಾಲೆಗೆ ಸೇರಲು ಅದು ಕಡ್ಡಾಯವಲ್ಲ. 2025ರ ಫೆಬ್ರವರಿಯಲ್ಲಿ ದೆಹಲಿಯ ರೋಹಿಂಗ್ಯಾ ಮಕ್ಕಳ ಪ್ರಕರಣದಲ್ಲಿ, ಶಿಕ್ಷಣದಲ್ಲಿ ಭೇದ ಮಾಡುವಂತಿಲ್ಲ, ಮಕ್ಕಳು ಸರ್ಕಾರಿ ಶಾಲೆಗೆ ಹೋಗಿ ಪ್ರವೇಶ ಕೇಳಲಿ, ಸಿಗದಿದ್ದರೆ ಹೈಕೋರ್ಟಿಗೆ ಬರಲಿ ಅಂದಿತು.

ಇಷ್ಟೆಲ್ಲ ಇರುವಾಗ ತೊಂದರೆ ಎಲ್ಲಿ? ಸಾಫ್ಟ್‌ವೇರ್ ಬರೆದವರ ತಲೆಯಲ್ಲಿ. ಯಾವ ಖಾನೆ ಕಡ್ಡಾಯ, ಯಾವುದು ಐಚ್ಛಿಕ ಅಂತ ಯಾರೋ ಒಬ್ಬರು ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನ ವಿಧಾನಸಭೆಯಲ್ಲಿ ಚರ್ಚೆ ಆಗಿರಲ್ಲ, ಗೆಜೆಟ್‌ನಲ್ಲಿ ಬಂದಿರಲ್ಲ. ಆದರೆ ಶಾಲೆಯ ಬಾಗಿಲಲ್ಲಿ ನಿಂತ ಅಪ್ಪನಿಗೆ ಕಾಯ್ದೆಗಿಂತ ಅದೇ ದೊಡ್ಡ ಕಾನೂನು.

ಈಗ ದೇಶಮಟ್ಟದಲ್ಲಿ ಯುಡೈಸ್ ಪ್ಲಸ್‌ನಲ್ಲಿ ಪ್ರತಿ ಮಗುವಿನ ವಿವರ ಸಂಗ್ರಹಿಸುತ್ತಾರೆ, ಶಾಶ್ವತ ಶಿಕ್ಷಣ ಸಂಖ್ಯೆ ಕೊಡುತ್ತಾರೆ. ಅದರ ಮೇಲೆ 12 ಅಂಕಿಯ ‘ಅಪಾರ್’ ಐಡಿ ಬಂದಿದೆ. ಅದರ ಘೋಷವಾಕ್ಯವೇ ‘ಒಂದು ದೇಶ, ಒಂದು ವಿದ್ಯಾರ್ಥಿ ಐಡಿ’. ಆಧಾರ್ ಜೊತೆ ಹೊಂದಿಕೊಂಡಿದೆ, ಪೋಷಕರ ಒಪ್ಪಿಗೆ ಬೇಕು, ಅಂಕಪಟ್ಟಿಗಳು ಡಿಜಿಲಾಕರ್‌ಗೆ ಬರುತ್ತವೆ. ಯಾದಗಿರಿಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಗುವಿಗೆ ಇಂಥ ಸಂಖ್ಯೆಯಿಂದ ಅನುಕೂಲ ಆಗಬಹುದು, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಘೋಷವಾಕ್ಯದ ಮೊದಲ ಎರಡು ಪದ ಇನ್ನೊಮ್ಮೆ ಓದಿ. 1950ರ ಒಪ್ಪಂದದಿಂದಾಗಿ ಭಾರತ, ನೇಪಾಳದ ಜನ ವೀಸಾ ಇಲ್ಲದೆ ಓಡಾಡುತ್ತಾರೆ, ದುಡಿಯುತ್ತಾರೆ. ಬನಬಸಾದಲ್ಲಿ ಗಡಿ ದಾಟಿ, ದಿಲ್ಲಿಗೆ ಬಂದು, ರೈಲು ಹತ್ತಿ ಬೆಂಗಳೂರಿಗೆ ಬರೋಕೆ ಅಪ್ಪನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಗಡಿ ಕಾವಲುಗಾರನಿಗೆ ತೆರೆದಿದೆ, ಅವನ ಮಗನ ಮಾರ್ಕ್ಸ್ ಕಾರ್ಡಿಗೆ ಮುಚ್ಚಿದೆ.

‘ಆಧಾರ್ ಮಾಡಿಸ್ಕೊಳ್ಳಲಿ, ನೇಪಾಳಿಗಳಿಗೂ ಕೊಡ್ತಾರಲ್ಲ’ ಅಂತ ನನಗೇ ಒಬ್ಬರು ಹೇಳಿದರು. ಕೊಡ್ತಾರೆ, ನಿಜ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದಿರಬೇಕು. ಜೂನ್‌ನಲ್ಲಿ ಬಂದ ಮಗು ಡಿಸೆಂಬರ್‌ವರೆಗೆ ಕಾಯಬೇಕು. ಆಮೇಲೆ ದಾಖಲೆಗಳ ಓಡಾಟ. ನೇಪಾಳದಲ್ಲಿ ನಾಗರಿಕತಾ ಪ್ರಮಾಣಪತ್ರ ಸಿಗೋದು 16 ವರ್ಷದ ಮೇಲೆ. ಅಷ್ಟರಲ್ಲಿ ಶೈಕ್ಷಣಿಕ ವರ್ಷ ಮುಗಿಯುತ್ತೆ. ಅಂದಹಾಗೆ ನೇಪಾಳದಲ್ಲಿ ಶಾಲಾ ವರ್ಷ ಶುರುವಾಗೋದು ಬೈಶಾಖದಲ್ಲಿ, ಅಂದ್ರೆ ಏಪ್ರಿಲ್ ನಡುವೆ. ನಮ್ಮಲ್ಲಿ ಬೇಸಿಗೆ ರಜೆ ಮುಗಿದ ಮೇಲೆ. ಯಾವ ತಿಂಗಳಲ್ಲಿ ಗಡಿ ದಾಟಿದರೂ ಒಂದಷ್ಟು ಪಾಠ ತಪ್ಪೇ ತಪ್ಪುತ್ತೆ.

ಲಿಟಲ್ ರಾಕ್‌ನ ಕಂಪ್ಯೂಟರ್

ಈ ಸಮಸ್ಯೆಯನ್ನು ಮೊದಲು ಎದುರಿಸಿದವರು ನಾವೇನಲ್ಲ. ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಇದು ಅರ್ಧ ಶತಮಾನದ ಕಥೆ, ಅದರಿಂದ ನಾವು ಕಲಿಯಬಹುದಾದ್ದು ಬೇಕಾದಷ್ಟಿದೆ.

1960ರ ನವೆಂಬರ್‌ನಲ್ಲಿ ಸಿಬಿಎಸ್ ವಾಹಿನಿಯಲ್ಲಿ ಎಡ್ವರ್ಡ್ ಮರೊ ‘ಹಾರ್ವೆಸ್ಟ್ ಆಫ್ ಶೇಮ್’ ಅನ್ನುವ ಸಾಕ್ಷ್ಯಚಿತ್ರ ತೋರಿಸಿದರು. ಬೆಳೆ ಎಲ್ಲಿ ಕಟಾವಿಗೆ ಬರುತ್ತೋ ಅಲ್ಲಿಗೆ ಟ್ರಕ್‌ನಲ್ಲಿ ಹೋಗುವ ಕೃಷಿ ಕೂಲಿಗಳ ಬದುಕು ಅದು. ನಮ್ಮ ಕಬ್ಬು ಕಡಿಯುವ ಗ್ಯಾಂಗ್‌ಗಳನ್ನು ನೋಡಿದವರಿಗೆ ಅದರಲ್ಲಿ ಹೊಸದೇನೂ ಕಾಣಲ್ಲ. 1966ರಲ್ಲಿ ಅಲ್ಲಿನ ಸಂಸತ್ತು ವಲಸೆ ಕೂಲಿಗಳ ಮಕ್ಕಳಿಗಾಗಿಯೇ ಒಂದು ಶಿಕ್ಷಣ ಕಾರ್ಯಕ್ರಮ ತಂದಿತು. ಆಮೇಲೆ ಬಂದದ್ದು ಆ ಕಾಲಕ್ಕೆ ವಿಚಿತ್ರ ಅನ್ನಿಸುವ ಐಡಿಯಾ: ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಲ್ಲಿ ಒಂದು ದೊಡ್ಡ ಕಂಪ್ಯೂಟರ್, ಅದರಲ್ಲಿ ದೇಶದ ಎಲ್ಲ ವಲಸೆ ಮಕ್ಕಳ ಓದಿನ ಮತ್ತು ಆರೋಗ್ಯದ ದಾಖಲೆ. ಟೆಕ್ಸಸ್‌ನಲ್ಲಿ ಓದುತ್ತಿದ್ದ ಮಗು ಮಿಷಿಗನ್‌ಗೆ ಹೋದರೆ ಅಲ್ಲಿಂದ ಲಿಟಲ್ ರಾಕ್‌ಗೆ ಸಂದೇಶ ಹೋಗಬೇಕು, ದಾಖಲೆ ಬರಬೇಕು. ಆರೋಗ್ಯದ್ದು ಯಾಕೆ ಅಂದ್ರೆ, ಊರು ಬದಲಿಸಿದಾಗಲೆಲ್ಲ ಅದೇ ಮಗುವಿಗೆ ಅದೇ ಲಸಿಕೆಯನ್ನು ಮತ್ತೆ ಮತ್ತೆ ಚುಚ್ಚಬಾರದು ಅಂತ.

ಆ ಕಂಪ್ಯೂಟರ್ ಇಪ್ಪತ್ತೈದು ವರ್ಷ ಓಡಿ 1995ರಲ್ಲಿ ನಿಂತುಹೋಯಿತು. ದೂರು ಏನು ಗೊತ್ತಾ? ದಾಖಲೆ ಬರುವಷ್ಟರಲ್ಲಿ ಮಗು ಮುಂದಿನ ಊರಿಗೆ ಹೋಗಿರುತ್ತಿತ್ತು. ಬಂದ ದಾಖಲೆ ಅರ್ಧಂಬರ್ಧ ತುಂಬಿರುತ್ತಿತ್ತು. ತರಗತಿಯ ಮೇಷ್ಟ್ರ ಕೈಗೆ ಅದು ತಲುಪುತ್ತಲೇ ಇರಲಿಲ್ಲ. ಆಮೇಲೆ ರಾಜ್ಯಕ್ಕೊಂದು ವ್ಯವಸ್ಥೆ, ಫ್ಯಾಕ್ಸು, ಅಂಚೆ. 2007ರಲ್ಲಿ ಅವನ್ನೆಲ್ಲ ಜೋಡಿಸುವ ‘ಎಂಎಸ್‌ಐಎಕ್ಸ್’ ಅನ್ನುವ ಹೊಸ ವ್ಯವಸ್ಥೆ ಬಂತು, ಈಗಲೂ ಇದೆ. ಅಲ್ಲಿ ಒಂದು ಮುಖ್ಯ ಸಂಗತಿ ಗಮನಿಸಿ: ಈ ಕಾರ್ಯಕ್ರಮಕ್ಕೆ ಮಗು ಅರ್ಹವೇ ಅಂತ ನಿರ್ಧಾರವಾಗೋದು ಕುಟುಂಬ ಕೃಷಿ ಅಥವಾ ಮೀನುಗಾರಿಕೆ ಕೆಲಸಕ್ಕಾಗಿ ಊರು ಬಿಟ್ಟಿದೆಯೇ ಅನ್ನೋದರ ಮೇಲೆ, ಯಾವ ದೇಶದ ಪ್ರಜೆ ಅನ್ನೋದರ ಮೇಲಲ್ಲ. ದಾಖಲೆ ಇಲ್ಲದ ವಲಸಿಗರ ಮಕ್ಕಳಿಗೂ ಶಾಲೆ ನಿರಾಕರಿಸುವಂತಿಲ್ಲ ಅಂತ 1982ರಲ್ಲೇ ‘ಪ್ಲೈಲರ್ ವರ್ಸಸ್ ಡೋ’ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಈಗಿನ ಅಮೆರಿಕದ ರಾಜಕೀಯ ನೋಡಿದರೆ ಆ ತೀರ್ಪಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತೆ.

ಆದರೆ ಎಂಎಸ್‌ಐಎಕ್ಸ್ ಕೂಡ ಅಮೆರಿಕದ ರಾಜ್ಯಗಳನ್ನಷ್ಟೇ ಜೋಡಿಸುತ್ತದೆ, ಮೆಕ್ಸಿಕೊವನ್ನಲ್ಲ. ಆ ಗಡಿ ದಾಟಲು ಅವರು ಮಾಡಿಕೊಂಡದ್ದು ಒಂದು ಕಾಗದ. ಎರಡೂ ದೇಶದ ಶಿಕ್ಷಣ ಇಲಾಖೆಗಳು ಒಪ್ಪಿದ, ವಲಸೆ ವಿದ್ಯಾರ್ಥಿಯ ದ್ವಿರಾಷ್ಟ್ರೀಯ ವರ್ಗಾವಣೆ ಪತ್ರ. ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಯಾವ ತರಗತಿ, ಯಾವ ವಿಷಯ, ಎಷ್ಟು ಅಂಕ, ಇಷ್ಟೇ.

ಮೆಕ್ಸಿಕೊದ ಶಾಲೆಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ ಲಕ್ಷಾಂತರ ಮಕ್ಕಳಿದ್ದಾರೆ. ಅಪ್ಪ ಅಮ್ಮ ಗಡೀಪಾರಾಗಿಯೋ, ಕೆಲಸ ಹೋಗಿಯೋ ವಾಪಸ್ ಬಂದವರು. ಬಹಳ ಕಾಲ ಅವರ ಅಮೆರಿಕನ್ ದಾಖಲೆಗಳಿಗೆ ‘ಅಪೊಸ್ಟಿಲ್’ ಅನ್ನುವ ಅಂತರರಾಷ್ಟ್ರೀಯ ದೃಢೀಕರಣ ಮುದ್ರೆ, ಜೊತೆಗೆ ಅಧಿಕೃತ ಅನುವಾದ ಕೇಳುತ್ತಿದ್ದರು. ಆ ಮುದ್ರೆ ಒತ್ತುವ ಕಚೇರಿ ಇರೋದು ಅಮೆರಿಕದಲ್ಲಿ, ಗಡೀಪಾರಾದ ತಾಯಿ ಅಲ್ಲಿಗೆ ಹೋಗೋದು ಹೇಗೆ? ಸಂಘಟನೆಗಳು ಗಲಾಟೆ ಮಾಡಿದವು. 2015ರಲ್ಲಿ ಮೆಕ್ಸಿಕೊ ಶಾಲಾ ಶಿಕ್ಷಣಕ್ಕೆ ಆ ಷರತ್ತು ಕೈಬಿಟ್ಟಿತು. ಈ ಇಡೀ ಕಥೆಯಲ್ಲಿ ಹೆಚ್ಚು ಮಕ್ಕಳಿಗೆ ಬಾಗಿಲು ತೆರೆದದ್ದು ಯಾವ ಕಂಪ್ಯೂಟರೂ ಅಲ್ಲ, ಒಂದು ಮುದ್ರೆ ಬೇಡ ಅನ್ನುವ ಆದೇಶ ಅಂತ ನನಗನ್ನಿಸುತ್ತೆ.

ಬೆಳಗ್ಗೆ ಒಂದು ದೇಶ, ಸಂಜೆ ಇನ್ನೊಂದು

ಯುಕ್ರೇನ್‌ನದು ಇದಕ್ಕೆ ತದ್ವಿರುದ್ಧ. ಅಲ್ಲಿ ತಂತ್ರಜ್ಞಾನ ಸಿದ್ಧವಾಗಿತ್ತು. ಕೋವಿಡ್ ಹೊತ್ತಲ್ಲಿ, 2020ರ ಡಿಸೆಂಬರ್‌ನಲ್ಲಿ, ಸರ್ಕಾರ ‘ಅಖಿಲ ಯುಕ್ರೇನ್ ಆನ್‌ಲೈನ್ ಶಾಲೆ’ ಶುರು ಮಾಡಿತ್ತು. 2022ರ ಫೆಬ್ರವರಿಯಲ್ಲಿ ರಷ್ಯಾ ಪೂರ್ಣ ಪ್ರಮಾಣದ ದಾಳಿ ಶುರು ಮಾಡಿದ ಮೇಲೆ ಲಕ್ಷಾಂತರ ಮಕ್ಕಳು ಪೋಲೆಂಡ್, ಜರ್ಮನಿ ಕಡೆ ಹೋದಾಗ ಪಾಠಗಳು ಅವರ ಫೋನಿನಲ್ಲೇ ಇದ್ದವು. ಎಷ್ಟು ದೊಡ್ಡ ಆಸರೆ ಅದು! ಆದರೆ ಬೇಗನೆ ಇನ್ನೊಂದು ತೊಂದರೆ ಕಾಣಿಸಿತು. ಬೆಳಗ್ಗೆ ಪೋಲಿಷ್ ಶಾಲೆ, ಸಂಜೆ ಪರದೆಯ ಮೇಲೆ ಯುಕ್ರೇನ್ ಶಾಲೆ. ಒಂದೇ ಗಣಿತ ಎರಡು ಸಲ. ಇನ್ನು ಕೆಲವರು ಸ್ಥಳೀಯ ಶಾಲೆಗೆ ಹೋಗದೆ ಆನ್‌ಲೈನ್‌ನಲ್ಲೇ ಉಳಿದರು. ಪಕ್ಕದ ಮನೆ ಮಕ್ಕಳ ಭಾಷೆ ಬರದೆ, ಗೆಳೆಯರಿಲ್ಲದೆ. ಕೊನೆಗೆ 2024ರ ಸೆಪ್ಟೆಂಬರ್‌ನಿಂದ ಪೋಲೆಂಡ್ ತನ್ನಲ್ಲಿರುವ ಯುಕ್ರೇನ್ ಮಕ್ಕಳಿಗೆ ಪೋಲಿಷ್ ಶಾಲೆ ಕಡ್ಡಾಯ ಮಾಡಿತು. ಯುಕ್ರೇನ್ ಕೂಡ ಬುದ್ಧಿವಂತಿಕೆಯಿಂದ ಹೊರೆ ಇಳಿಸಿತು: ವಿದೇಶದಲ್ಲಿರುವ ಮಗು ಆನ್‌ಲೈನ್‌ನಲ್ಲಿ ತನ್ನ ಭಾಷೆ, ಸಾಹಿತ್ಯ, ಇತಿಹಾಸದಂಥ ವಿಷಯಗಳನ್ನಷ್ಟೇ ಓದಲಿ, ಗಣಿತ ವಿಜ್ಞಾನಕ್ಕೆ ಅಲ್ಲಿನ ಶಾಲೆಯ ಅಂಕವನ್ನೇ ನಾವು ಒಪ್ಪುತ್ತೇವೆ ಅಂತ.

ಇಲ್ಲೂ ಬೀಗ ತೆರೆದ ಪದ ‘ಒಪ್ಪುತ್ತೇವೆ’.

ದುಬೈ ಆದರೆ ಆಗುತ್ತೆ

‘ಎರಡು ದೇಶದ ವ್ಯವಸ್ಥೆ ಜೋಡಿಸೋದು ಕಷ್ಟ ಸ್ವಾಮಿ’ ಅನ್ನುವವರಿಗೆ ನಮ್ಮ ಕರಾವಳಿಯನ್ನೇ ತೋರಿಸಬೇಕು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮಕ್ಕಳು ದುಬೈ, ಮಸ್ಕತ್‌ನ ಸಿಬಿಎಸ್‌ಇ ಶಾಲೆಗಳಲ್ಲಿ ಓದಿ ಊರಿಗೆ ಬಂದು ಮುಂದುವರಿಸುತ್ತಾರೆ. ಅದೇ ಬೋರ್ಡು, ಅದೇ ಪಠ್ಯ. ಸಿಬಿಎಸ್‌ಇ ಶಾಲೆಗಳು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿವೆ. ಅಂದ್ರೆ ದಾಖಲೆ ಗಡಿ ದಾಟೋದು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಯಾರ ಮಗು ಅನ್ನೋದು ಪ್ರಶ್ನೆ. ಗಲ್ಫ್‌ನಲ್ಲಿ ದುಡಿಯುವ ನಮ್ಮವರ ಮಗುವಿಗೆ ನಾವು ದಾರಿ ಮಾಡಿದ್ದೇವೆ. ನಮ್ಮ ಗೇಟು ಕಾಯುವವರ ಮಗುವಿಗೆ ಡ್ರಾಪ್‌ಡೌನ್‌ನಲ್ಲಿ ಒಂದು ಸಾಲು ಸೇರಿಸಿಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ. ಹಿಂದಿನ ಶಾಲೆಯ ಜಾಗದಲ್ಲಿ ‘ಬೇರೆ ದೇಶ’ ಅನ್ನುವ ಆಯ್ಕೆ. ಆಧಾರ್ ಇಲ್ಲದೆ ಮೊದಲ ದಿನವೇ ಸಿಗುವ ತಾತ್ಕಾಲಿಕ ಸಂಖ್ಯೆ. ವಿಕ್ರಮ ಸಂವತ್ ದಿನಾಂಕ ಹಾಕಿದರೆ ನಮ್ಮ ದಿನಾಂಕಕ್ಕೆ ಬದಲಿಸಿಕೊಳ್ಳುವ ನಾಲ್ಕು ಸಾಲಿನ ಕೋಡ್. ಬೆಂಗಳೂರಿನ ಯಾವ ಇಂಜಿನಿಯರಿಂಗ್ ವಿದ್ಯಾರ್ಥಿಯಾದರೂ ಮಧ್ಯಾಹ್ನದೊಳಗೆ ಬರೆದುಕೊಡ್ತಾರೆ. ಮಗು ವಾಪಸ್ ಹೋಗುವಾಗ ಇಂಗ್ಲಿಷ್, ನೇಪಾಳಿ ಎರಡರಲ್ಲೂ ಇರುವ ಒಂದು ಹಾಳೆಯ ಪತ್ರ, ನಿಜವೋ ಸುಳ್ಳೋ ನೋಡಲು ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್. ಅದನ್ನು ಒಪ್ಪಿಕೊಳ್ಳೋಕೆ ಎರಡು ಸರ್ಕಾರಗಳ ನಡುವೆ ಒಂದು ಸಹಿ.

ಒಂದು ಅಳುಕನ್ನೂ ಹೇಳಿಬಿಡುತ್ತೇನೆ. ಮಗುವಿನ ದೇಶ, ಅಪ್ಪನ ಫೋನ್ ನಂಬರು, ವಿಳಾಸ ಎಲ್ಲ ಒಂದೇ ಕಡೆ ಸೇರಿದರೆ ಅದು ಶಾಲೆಯ ಪಟ್ಟಿಯಾಗಿಯೇ ಉಳಿಯುತ್ತಾ? ನೇಪಾಳಿಗಳಿಗೆ ಇಲ್ಲಿರಲು ಒಪ್ಪಂದದ ರಕ್ಷಣೆ ಇದೆ. ಆದರೆ ಬಂಗಾಳಿ ಮಾತಾಡಿದ್ದಕ್ಕೇ ಅನುಮಾನಕ್ಕೆ ಗುರಿಯಾಗುವ ಕೂಲಿಯವರ ಮಕ್ಕಳು, ರೋಹಿಂಗ್ಯಾ ಮಕ್ಕಳು ಅದೇ ಪರದೆಯ ಮುಂದೆ ನಿಲ್ಲುತ್ತಾರೆ. ಶಾಲೆಯ ದತ್ತಾಂಶ ಪೊಲೀಸ್ ಠಾಣೆಗೆ ಹೋಗಬಹುದು ಅನ್ನುವ ಗುಮಾನಿ ಬಂದರೆ ಸಾಕು, ತಾಯಿ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ. ಹಾಗಾಗಿ ಎಷ್ಟು ಕಡಿಮೆ ಕೇಳಬೇಕು ಅನ್ನೋದನ್ನೇ ಮೊದಲು ತೀರ್ಮಾನಿಸಬೇಕು. ಓದಿನ ದಾಖಲೆಗೆ ಪೌರತ್ವದ ಖಾನೆ ಬೇಕೇ ಇಲ್ಲ.

ನಮ್ಮ ಹುಡುಗ ಕಳೆದ ದಶೈಂ ಹಬ್ಬಕ್ಕೆ ಊರಿಗೆ ಹೋದವನು ವಾಪಸ್ ಬರಲಿಲ್ಲ. ಅಜ್ಜಿಗೆ ಹುಷಾರಿಲ್ಲ, ನೋಡಿಕೊಳ್ಳೋಕೆ ಅಮ್ಮ ಅಲ್ಲೇ ಉಳಿದರು. ಹೊರಡುವ ಹಿಂದಿನ ದಿನ ನಾನು ಅವರನ್ನು ಕರೆದುಕೊಂಡು ಶಾಲೆಗೆ ಹೋದೆ. ಸಿಸ್ಟಮ್‌ನಲ್ಲಿ ಹೆಸರೇ ಇಲ್ಲದ ಮೇಲೆ ಟಿಸಿ ಎಲ್ಲಿಂದ ತೆಗೆಯೋದು? ಹೆಡ್‌ಮಾಸ್ಟರ್ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಶಾಲೆಯ ಲೆಟರ್‌ಹೆಡ್ ತೆಗೆದು, ಈ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇಷ್ಟು ದಿನ ಓದಿದ್ದಾನೆ, ಗಣಿತದಲ್ಲಿ ಮುಂದಿದ್ದಾನೆ, ನಡತೆ ಉತ್ತಮ ಅಂತ ಕೈಯಲ್ಲೇ ಬರೆದು, ಸಹಿ ಹಾಕಿ, ದುಂಡು ಸೀಲು ಒತ್ತಿದರು. ಬರೆದದ್ದು ಕನ್ನಡದಲ್ಲಿ. ‘ಇಂಗ್ಲಿಷಲ್ಲಿ ಬರೀರಿ ಸಾರ್’ ಅಂತ ಹೇಳೋಕೆ ಆ ಹೊತ್ತಲ್ಲಿ ನನಗೂ ಹೊಳೆಯಲಿಲ್ಲ.

ಎರಡು ವಾರದ ಮೇಲೆ ಅವನ ಅಪ್ಪ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ವಿಷಯ ಹೇಳಿದರು. ಅಛಾಮ್‌ನ ಶಾಲೆಯ ಹೆಡ್‌ಸರ್ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ, ಒಂದಕ್ಷರ ಅರ್ಥವಾಗಲಿಲ್ಲವಂತೆ. ಆಗ ಹುಡುಗ ಕಾಗದ ಇಸ್ಕೊಂಡು, ಆಫೀಸ್ ರೂಮಿನಲ್ಲಿ ನಿಂತು, ಒಂದೊಂದು ಸಾಲು ಕನ್ನಡದಲ್ಲಿ ಓದಿ, ನೇಪಾಳಿಯಲ್ಲಿ ಅರ್ಥ ಹೇಳಿದನಂತೆ. ಅವನನ್ನು ಏಳನೇ ಕ್ಲಾಸಿಗೇ ಸೇರಿಸಿಕೊಂಡಿದ್ದಾರೆ.